ತಿಂಗಳ ಲೆಕ್ಕ ಸರಿ ಇತ್ತು, ವರ್ಷದ ಲೆಕ್ಕ ಮುಳುಗಿತ್ತು

ಕಳೆದ ದೀಪಾವಳಿ ಮುಗಿಸಿ ನನ್ನ ಅಕ್ಕನ ಮಗ, ಸೊಸೆ, ಇಬ್ಬರು ಮಕ್ಕಳು ತೀರ್ಥಹಳ್ಳಿ ಕಡೆಯ ಊರಿಂದ ಬೆಂಗಳೂರಿಗೆ ಹೊರಟಿದ್ದರು. ದಾರಿಯಲ್ಲಿ ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದರು. ಊಟ ಆಗಿ ಮಕ್ಕಳು ಮಲಗಿದ ಮೇಲೆ ಸೊಸೆ ಬ್ಯಾಗಿನಿಂದ 200 ಪುಟದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು.

"ಚಿಕ್ಕಮ್ಮ, ಇದನ್ನೊಮ್ಮೆ ನೋಡಿ. ಒಂದು ರೂಪಾಯಿ ಬಿಡದೆ ಬರೆದಿದೀನಿ. ತಿಂಗಳಿಗೆ ಆರು ಸಾವಿರ ಉಳೀತದೆ ಅಂತ ಲೆಕ್ಕ ಹೇಳ್ತದೆ. ಆದ್ರೆ ನನ್ನ ಬಳೆ ಬ್ಯಾಂಕಲ್ಲಿದೆ. ಎಂತ ತಪ್ಪಾಗಿದೆ ಅಂತಾನೇ ಗೊತ್ತಾಗ್ತಿಲ್ಲ."

ನಾನು ಶಿವಮೊಗ್ಗದ ಒಂದು ಸಹಕಾರಿ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವಳು. ಪುಟ ಪುಟ ಕೂಡಿಸಿ ನೋಡಿದೆ. ತಪ್ಪು ಸಿಗಲಿಲ್ಲ. ಪುದೀನ ಸೊಪ್ಪಿನ ಹತ್ತು ರೂಪಾಯಿಯನ್ನೂ ಬರೆದಿದ್ದಳು. ಇಷ್ಟು ಚೊಕ್ಕವಾಗಿ ಮನೆ ನಡೆಸುವ ಹುಡುಗಿ ಬಳೆ ಅಡವಿಟ್ಟಳಲ್ಲ ಅಂತ ಹೊಟ್ಟೆಯಲ್ಲಿ ಸಂಕಟ ಆಯಿತು. ಆ ರಾತ್ರಿ ಒಂದು ಗಂಟೆವರೆಗೆ ಕೂತು ಲೆಕ್ಕ ಹಾಕಿದೆವು. ಮಲೆನಾಡಿನಿಂದ ಹೋಗಿ ಬೆಂಗಳೂರಲ್ಲಿ ಒಂದೇ ಸಂಬಳದಲ್ಲಿ ಸಂಸಾರ ನಡೆಸುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಉಪಯೋಗ ಆಗಬಹುದು ಅಂತ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು.

ಮನೆಯ ಸ್ಥಿತಿ

ಹುಡುಗನಿಗೆ 36 ವರ್ಷ. ಪೀಣ್ಯದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ. ಪಿಎಫ್, ವೃತ್ತಿ ತೆರಿಗೆ ಎಲ್ಲ ಕಳೆದು ಕೈಗೆ ಬರೋದು 58,400. ದೀಪಾವಳಿಗೆ 40,000 ಬೋನಸ್. ಸೊಸೆ ಒಂದು ಸಣ್ಣ ಲ್ಯಾಬಿನಲ್ಲಿ ಬಿಲ್ಲಿಂಗ್ ನೋಡುತ್ತಿದ್ದಳು. 24,000 ಸಂಬಳ ಇತ್ತು. 2023ರಲ್ಲಿ ಎರಡನೇ ಮಗು ಹುಟ್ಟಿತು. ಕಾನೂನಿನ ಪ್ರಕಾರ ಸಿಗುವ 26 ವಾರದ ಹೆರಿಗೆ ರಜೆ ಮುಗಿದ ಮೇಲೆ ಕೆಲಸ ಬಿಟ್ಟಳು. ದೊಡ್ಡವಳು ಮೂರನೇ ಕ್ಲಾಸು. ಚಿಕ್ಕವನಿಗೆ ಆಗ ಎರಡೂವರೆ ವರ್ಷ.

ನಾಗಸಂದ್ರದ ಹತ್ತಿರ ಎರಡು ರೂಮಿನ ಬಾಡಿಗೆ ಮನೆ. ನೋಟ್‌ಬುಕ್ ಪ್ರಕಾರ ತಿಂಗಳ ಖರ್ಚು ಹೀಗಿತ್ತು: ಬಾಡಿಗೆ 19,000, ಮೇಂಟೆನೆನ್ಸ್ ಮತ್ತು ನೀರು 1,800, ದಿನಸಿ ಹಾಲು ತರಕಾರಿ ಗ್ಯಾಸು 13,500, ಪೆಟ್ರೋಲು ಓಡಾಟ 3,200, ಫೋನು ಇಂಟರ್ನೆಟ್ 1,600, ಶಾಲೆ ವ್ಯಾನು 2,000, ಔಷಧಿ 1,500, ಊರಿಗೆ ಅಪ್ಪ ಅಮ್ಮನಿಗೆ 5,000, ಹಿಂದೆ ಮನೆ ಅಡ್ವಾನ್ಸಿಗೆ ಮತ್ತು ಹೆರಿಗೆಗೆ ಮಾಡಿದ ಸಾಲದ ಕಂತು 4,800. ಕರೆಂಟು ಗೃಹಜ್ಯೋತಿಯಲ್ಲಿ ಹೋಗುತ್ತದೆ. ಒಟ್ಟು 52,400. ಉಳಿಯಬೇಕಾದ್ದು 6,000.

ಹುಡುಗ ಒಂದು ಮಾತು ಹೇಳಿದ. "ಏಪ್ರಿಲ್‌ನಿಂದ ಟ್ಯಾಕ್ಸ್ ಕಟ್ ಆಗೋದು ನಿಂತಿದೆ ಚಿಕ್ಕಮ್ಮ, ತಿಂಗಳಿಗೆ ಸಾವಿರದ ಒಂಬೈನೂರು ಜಾಸ್ತಿ ಬರ್ತಿದೆ. ಅದೂ ಎಲ್ಲಿ ಹೋಯ್ತೋ ತಿಳೀತಿಲ್ಲ." 2025ರ ಬಜೆಟ್ಟಿನಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲ ಅಂತಾಯಿತಲ್ಲ, ಅದು. ಆದರೆ ಅದೇ ವರ್ಷ ಬೆಂಗಳೂರಲ್ಲಿ ಏನೇನು ಏರಿತು ನೋಡಿ. ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದು. ಫೆಬ್ರವರಿಯಲ್ಲಿ ಮೆಟ್ರೊ, ಗರಿಷ್ಠ ದರ 60ರಿಂದ 90ಕ್ಕೆ. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ಜೊತೆಗೆ ನೀರಿನ ದರ. ಮನೆ ಮಾಲೀಕರು ಬಾಡಿಗೆ 1,000 ಏರಿಸಿದರು. ಸರ್ಕಾರ ಬಿಟ್ಟುಕೊಟ್ಟ ದುಡ್ಡು ಬೆಂಗಳೂರಿಗೇ ಸಂದಾಯ ಆಯಿತು. ಇದರಲ್ಲಿ ಅವರ ತಪ್ಪು ಏನೂ ಇಲ್ಲ.

ಕ್ಯಾಲೆಂಡರ್ ತಿರುವಿದಾಗ

ಅಡುಗೆ ಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರ್ ಇಳಿಸಿ ತಂದೆ. ಸೊಸೆ ಕೈಗೆ ಪೆನ್ಸಿಲ್ ಕೊಟ್ಟೆ. "ನೋಟ್‌ಬುಕ್ ಮುಚ್ಚಿಡು. ಒಂದೊಂದು ತಿಂಗಳ ಹಾಳೆ ತಿರುಗಿಸ್ತಾ ಹೋಗು. ವರ್ಷಕ್ಕೆ ಒಂದೋ ಎರಡೋ ಸಲ ಬರೋ ಖರ್ಚನ್ನ ಮಾತ್ರ ಅದರ ಮೇಲೆ ಬರಿ" ಅಂದೆ.

ಜನವರಿ: ಎಲ್‌ಐಸಿ, ಬೈಕಿನ ಇನ್ಶೂರೆನ್ಸು, 22,000. ಏಪ್ರಿಲ್: ಬೇಸಿಗೆ ರಜೆ, ಊರಿಗೆ ಹೋಗಿ ಬರೋದು. ಮೇ: ಎರಡು ಮದುವೆ, ಒಂದು ಉಪನಯನ, ಮುಯ್ಯಿ. ಮೇ ಕೊನೆ: ಶಾಲೆ ಫೀಸಿನ ಮೊದಲ ಕಂತು 34,000, ಪುಸ್ತಕ ಯೂನಿಫಾರಂ 11,000. ಗಣಪತಿ ಹಬ್ಬಕ್ಕೆ ಮತ್ತೆ ಊರು. ದೀಪಾವಳಿಗೆ ಊರು, ಬಟ್ಟೆ. ನವೆಂಬರ್: ಫೀಸಿನ ಎರಡನೇ ಕಂತು, ಇನ್ನೊಂದು 34,000. ಈ ನಡುವೆ ಊರಲ್ಲಿ ಅಪ್ಪನಿಗೆ ಒಂದು ಆಪರೇಷನ್ ಆಗಿತ್ತು, 24,000. ಕಂಪನಿಯ ವಿಮೆಯಲ್ಲಿ ಅಪ್ಪ ಅಮ್ಮ ಇಲ್ಲ.

ಬರೆಯುತ್ತಾ ಬರೆಯುತ್ತಾ ಅವಳ ಕೈ ನಿಧಾನ ಆಯಿತು. ಕೂಡಿಸಿದೆವು. ಶಾಲೆ 79,000. ಊರಿನ ಓಡಾಟ 26,000. ಮುಯ್ಯಿ 15,000. ವಿಮೆ 22,000. ಬಟ್ಟೆಬರೆ 14,000. ಆಸ್ಪತ್ರೆ 24,000. ಒಟ್ಟು 1,80,000. ಅಂದರೆ ತಿಂಗಳಿಗೆ 15,000.

ಉಳಿತಾಯ 6,000 ಅಂತ ನೋಟ್‌ಬುಕ್ ಹೇಳುತ್ತಿತ್ತು. ನಿಜವಾಗಿ ತಿಂಗಳಿಗೆ 9,000 ಕೊರತೆ. ವರ್ಷಕ್ಕೆ 1,08,000. ಬೋನಸ್ 40,000 ಕಳೆದರೂ 68,000 ಸಾಲ. ಅವಳು ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಎರಡು ವರ್ಷಕ್ಕೆ 1,36,000. ಬಳೆ ಮೇಲಿನ ಸಾಲ 65,000, ಕ್ರೆಡಿಟ್ ಕಾರ್ಡಿನ ಬಾಕಿ 81,000, ಕೂಡಿದರೆ 1,46,000. ಹೆಚ್ಚಿನ ಹತ್ತು ಸಾವಿರ ಹೆಚ್ಚುಕಮ್ಮಿ ಬಡ್ಡಿ. ಲೆಕ್ಕ ಕೂತಿತು. ಸೊಸೆ ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಅಂದಳು, "ಹಾಗಾದ್ರೆ ನಾನು ದುಂದು ಮಾಡಿಲ್ಲ ಅಲ್ವಾ?"

ಇಲ್ಲ. ಅದನ್ನು ಮೂರು ಸಲ ಹೇಳಿದೆ.

ನನಗೆ ಅರ್ಥವಾದದ್ದು ಇಷ್ಟು. ನಮ್ಮ ಅಡಿಕೆ ಮನೆಗಳಲ್ಲೂ ಆದಾಯ ಒಂದೇ. ಅದೂ ವರ್ಷಕ್ಕೆ ಒಂದು ಸಲ. ಕೊಯ್ಲಾಗಿ, ಬೇಯಿಸಿ, ಒಣಗಿಸಿ, ಮಾಮ್ಕೋಸಿಗೋ (ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ) ಮಂಡಿಗೋ ಹಾಕಿದಾಗ ಬರುವ ದುಡ್ಡು ಮುಂದಿನ ಕೊಯ್ಲಿನವರೆಗೆ ಬರಬೇಕು. ಹಾಗಾಗಿ ಬೆಳೆಗಾರನ ಮನೆಯಲ್ಲಿ ಲೆಕ್ಕ ಅಂದರೆ ವರ್ಷದ್ದೇ. ಮಳೆಗಾಲಕ್ಕೆ ಇಷ್ಟು, ಶಾಲೆಗೆ ಇಷ್ಟು, ಹಬ್ಬಕ್ಕೆ ಇಷ್ಟು ಅಂತ ಮೊದಲೇ ಎತ್ತಿಡುತ್ತಾರೆ. ಅದೇ ಮನೆಯ ಹುಡುಗ ಬೆಂಗಳೂರಿಗೆ ಹೋದ. ಒಂದನೇ ತಾರೀಖು ಸಂಬಳ ಬಂತು. ಮೂರು ನಾಲ್ಕು ವರ್ಷದಲ್ಲಿ ವರ್ಷದ ಲೆಕ್ಕ ಮರೆತೇಹೋಯಿತು. ಇಬ್ಬರು ದುಡಿಯುವಾಗ ಅದು ಕಾಣುವುದಿಲ್ಲ, ಎರಡನೇ ಸಂಬಳ ಆ ಹೊಂಡವನ್ನು ಸದ್ದಿಲ್ಲದೆ ಮುಚ್ಚುತ್ತಾ ಇರುತ್ತದೆ. ಇವರ ಮನೆಯಲ್ಲಿ ಅವಳ 24,000 ಮಾಡುತ್ತಿದ್ದದ್ದು ಅದೇ ಕೆಲಸ.

ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಆ ಕಾರ್ಖಾನೆ ಎಷ್ಟೋ ತಲೆಮಾರಿನ ಒಂಟಿ ಸಂಬಳದ ಮನೆಗಳನ್ನು ಸಾಕಿತು. ನಾವು ಐದು ಜನ ಮಕ್ಕಳು, ಅಮ್ಮ ಮನೆಯಲ್ಲೇ. ಆದರೆ ಅಪ್ಪನ ಸಂಬಳದ ಜೊತೆ ಕ್ವಾರ್ಟರ್ಸ್ ಇತ್ತು, ಕಾರ್ಖಾನೆ ಆಸ್ಪತ್ರೆ ಇತ್ತು, ನಡೆದು ಹೋಗುವ ದೂರದಲ್ಲಿ ಶಾಲೆ ಇತ್ತು. "ನಾವೆಲ್ಲ ಒಬ್ಬರ ಸಂಬಳದಲ್ಲಿ ಬೆಳೀಲಿಲ್ವಾ" ಅಂತ ಈಗಿನ ಮಕ್ಕಳಿಗೆ ಹೇಳುವ ನನ್ನ ವಯಸ್ಸಿನವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಬೇಕು. ಈ ಹುಡುಗನ 58,400ರಲ್ಲಿ ಮನೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಅವನೇ ಕೊಳ್ಳಬೇಕು.

ಏನೇನು ದಾರಿ ಇತ್ತು

ಮೊದಲು ಬಂದದ್ದು ಶಿವಮೊಗ್ಗಕ್ಕೇ ಬಂದುಬಿಡುವ ಮಾತು. ನನಗೂ ಆಸೆ. ಹುಡುಗ ಆಗಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದ್ದ. 32,000 ಕೊಡುತ್ತೇವೆ ಅಂದಿದ್ದರು. ಲೆಕ್ಕ ಹಾಕಿದೆವು. ಬಾಡಿಗೆಯಲ್ಲಿ 9,500 ಉಳಿಯುತ್ತದೆ, ಫೀಸಿನಲ್ಲಿ 2,500, ಊರಿನ ಓಡಾಟ ನೀರು ಪೆಟ್ರೋಲು ಎಲ್ಲ ಸೇರಿ 3,000. ಒಟ್ಟು 15,000 ಖರ್ಚು ತಗ್ಗುತ್ತದೆ. ಸಂಬಳ ತಗ್ಗೋದು 26,400. ಹೊಂಡ ಇನ್ನೂ ದೊಡ್ಡದಾಗುತ್ತದೆ. ಊರು ಅಗ್ಗ ಅನ್ನೋದು ನಿಜ, ಆದರೆ ಊರಲ್ಲಿ ಸಂಬಳ ಅದಕ್ಕಿಂತ ಅಗ್ಗ. ಈ ದಾರಿ ಮುಚ್ಚಿದಾಗ ನನಗೇ ಬೇಜಾರಾಯಿತು.

ಎರಡನೆಯದು, ಅವನು ಪಿಜಿಯಲ್ಲಿ ಇದ್ದು, ಸೊಸೆ ಮಕ್ಕಳು ಊರಲ್ಲಿ ಇರೋದು. ನಮ್ಮ ಕಡೆ ಹಾಗೆ ಮಾಡಿದವರು ಇದ್ದಾರೆ. ಶನಿವಾರ ರಾತ್ರಿ ಹತ್ತಿ ಬರೋದು, ಭಾನುವಾರ ರಾತ್ರಿ ಹತ್ತಿ ಹೋಗೋದು. ದುಡ್ಡಿನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಲಾಭ. ಸೊಸೆ ಒಂದೇ ಮಾತಲ್ಲಿ ಬೇಡ ಅಂದಳು. "ಮಗ ಅಪ್ಪನ್ನ ಫೋನಲ್ಲಿ ನೋಡಿ ಬೆಳೆಯೋದು ಬೇಡ ಚಿಕ್ಕಮ್ಮ." ನಾನು ಮುಂದೆ ಮಾತಾಡಲಿಲ್ಲ. ಸಂಸಾರ ಒಟ್ಟಿಗೆ ಇರಲಿ ಅಂತಲೇ ಇಷ್ಟೆಲ್ಲ ಒದ್ದಾಟ ಅಲ್ವಾ.

ಮೂರನೆಯದು ಅವಳು ಮತ್ತೆ ಕೆಲಸಕ್ಕೆ ಹೋಗೋದು. 24,000ರಲ್ಲಿ ಚಿಕ್ಕವನ ಡೇ ಕೇರ್ 9,000, ದೊಡ್ಡವಳನ್ನು ಸಂಜೆ ನೋಡಿಕೊಳ್ಳಲು 4,000, ಅವಳ ಓಡಾಟ ತಿಂಡಿ 3,500. ಮಿಕ್ಕೋದು 7,500. "ಅಷ್ಟಕ್ಕೆ ಯಾಕೆ" ಅಂದ ಹುಡುಗ. ಅಲ್ಲಿ ನಾನು ಅವನನ್ನು ತಡೆದೆ. ಡೇ ಕೇರ್ ಖರ್ಚನ್ನು ಯಾವಾಗಲೂ ಹೆಂಡತಿ ಸಂಬಳದಿಂದಲೇ ಯಾಕೆ ಕಳೆಯಬೇಕು? ಮಗು ಇಬ್ಬರದ್ದು. ಅದೂ ಅಲ್ಲದೆ ಡೇ ಕೇರ್ ಎರಡು ಮೂರು ವರ್ಷದ ಖರ್ಚು. ಕೆಲಸದಿಂದ ಹೊರಗೆ ಉಳಿದಷ್ಟೂ ವಾಪಸ್ ಹೋಗೋದು ಕಷ್ಟ. ಈಗ ಬೇಡ ಅನ್ನೋದು ಸರಿ ಇರಬಹುದು, ಮಗು ಇನ್ನೂ ಸಣ್ಣದು. ಆದರೆ "ಲಾಭ ಇಲ್ಲ" ಅಂತ ಬಾಗಿಲು ಮುಚ್ಚಬೇಡಿ ಅಂದೆ. ಚಿಕ್ಕವನು ಶಾಲೆಗೆ ಹೋಗುವ ವರ್ಷ ಮತ್ತೆ ಕೂತು ನೋಡೋಣ ಅಂತಾಯಿತು.

ಹಾಗಾಗಿ ಬೆಂಗಳೂರಲ್ಲೇ, ಒಂದೇ ಸಂಬಳದಲ್ಲಿ, ಇನ್ನೊಂದೆರಡು ವರ್ಷ.

ಮಗಳ ಹೆಸರಿನ ಎಫ್‌ಡಿ

ಎಲ್ಲಕ್ಕಿಂತ ಕಷ್ಟದ ಮಾತು ಇದು. ಹುಡುಗನ ಫೋನಿನಲ್ಲಿ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆಸಿದೆ. ಬಾಕಿ 81,000. ಅದರ ಕೆಳಗೆ "ಮಿನಿಮಮ್ ಡ್ಯೂ" 4,050. ಅಷ್ಟು ಕಟ್ಟಿದರೆ ಸಾಕು ಅಂತ ಅವನು ತಿಳಿದಿದ್ದ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ 2,835. ಆ ಬಡ್ಡಿ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ, 510. ಕಟ್ಟಿದ 4,050ರಲ್ಲಿ ಸಾಲಕ್ಕೆ ಹೋಗೋದು ಬರೀ 705. ಹೊಸದಾಗಿ ಏನನ್ನಾದರೂ ಕೊಂಡರೆ ಅದಕ್ಕೂ ಅವತ್ತಿನಿಂದಲೇ ಬಡ್ಡಿ.

"ಬೇರೆ ಎಲ್ಲೂ ದುಡ್ಡಿಲ್ವಾ?" ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಗಳ ಹೆಸರಲ್ಲಿ 60,000 ಎಫ್‌ಡಿ ಇದೆ. ಅವಳು ಹುಟ್ಟಿದಾಗ ಅಜ್ಜಿ ಕೊಟ್ಟದ್ದು, ನಾಮಕರಣದಲ್ಲಿ ಬಂದದ್ದು, ಸೊಸೆ ತನ್ನ ಸಂಬಳದಿಂದ ಸೇರಿಸಿದ್ದು. ಬಡ್ಡಿ ವರ್ಷಕ್ಕೆ ನೂರಕ್ಕೆ ಏಳು.

"ಅದನ್ನ ಮುಟ್ಟೋದಿಲ್ಲ ಚಿಕ್ಕಮ್ಮ. ಅದು ಮಗಳದ್ದು."

ನನಗೆ ಅವಳ ಸಂಕಟ ಗೊತ್ತು. ನಾನೂ ಮಗಳ ತಾಯಿ. ಆದರೆ ಒಂದು ಕಡೆ ವರ್ಷಕ್ಕೆ 4,200 ಬರುತ್ತದೆ, ಇನ್ನೊಂದು ಕಡೆ ಅಷ್ಟೇ ಅರವತ್ತು ಸಾವಿರಕ್ಕೆ ವರ್ಷಕ್ಕೆ 25,000 ಹೋಗುತ್ತದೆ. ಮಗಳ ದುಡ್ಡು ಬೆಳೆಯುತ್ತಿಲ್ಲ, ಅಪ್ಪ ಅಮ್ಮನ ಸಾಲದ ಕಡೆಯಿಂದ ಕರಗುತ್ತಿದೆ. ಇದನ್ನು ಹೇಳಿ ಒಪ್ಪಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು. ಎಫ್‌ಡಿ ಮುರಿದರೆ, ಸಾಲ ಹಗುರಾದ ಮೇಲೆ ಮೊದಲು ಶುರುವಾಗಬೇಕಾದ್ದು ಮಗಳ ಸುಕನ್ಯಾ ಸಮೃದ್ಧಿ ಖಾತೆ. ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು, ವರ್ಷಕ್ಕೆ ಕನಿಷ್ಠ 250 ಹಾಕಿದರೂ ಖಾತೆ ಜೀವಂತ ಇರುತ್ತದೆ. ಸರಿ, ಈಗಲೇ 250 ಹಾಕಿ ತೆರೆಯಿರಿ, ಆಮೇಲೆ ಹೆಚ್ಚಿಸಿ ಅಂದೆ. ಎಫ್‌ಡಿಯ 60,000 ಮತ್ತು ಬೋನಸ್ಸಿನಲ್ಲಿ 21,000 ಸೇರಿಸಿ ಅದೇ ವಾರ ಕಾರ್ಡಿನ ಬಾಕಿ ಪೂರ್ತಿ ತೀರಿಸಿದರು.

ಭಾವನ ಮಾತು

ಮರುದಿನ ಬೆಳಿಗ್ಗೆ ಹುಡುಗನ ಎದುರಿಗೇ ಊರಿಗೆ ಫೋನ್ ಮಾಡಿದೆ. ಊರಿಗೆ ಕಳಿಸುವ ಐದು ಸಾವಿರದ ಮಾತನ್ನು ಎತ್ತಲು ಅವನಿಗೆ ಧೈರ್ಯ ಇರಲಿಲ್ಲ. ಭಾವನಿಗೆ ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಮೊದಲೇ ಕೊಳೆ ರೋಗ, ಈಗ ನಾಲ್ಕೈದು ವರ್ಷದಿಂದ ಎಲೆಚುಕ್ಕೆ ಬೇರೆ.

ಭಾವ ಹೇಳಿದ್ದು ಕೇಳಿ ನಮಗೆಲ್ಲ ಮಾತು ಬರಲಿಲ್ಲ. "ತಿಂಗಳು ತಿಂಗಳು ಬರೋ ಐದು ಸಾವಿರ ಹೇಗೆ ಹೋಗ್ತದೆ ಅಂತಾನೇ ತಿಳಿಯೋದಿಲ್ಲ ಮಾರಾಯ್ತಿ. ನಂಗೆ ದುಡ್ಡು ಬೇಕಾಗೋದು ಮಳೆಗಾಲ ಹಿಡಿಯೋ ಮುಂಚೆ. ಮೈಲುತುತ್ತ, ಸುಣ್ಣ, ಔಷಧಿ ಹೊಡೆಯೋರ ಕೂಲಿ. ಆಗ ಕೈಯಲ್ಲಿ ಇರೋದಿಲ್ಲ. ಮಂಡಿಯಲ್ಲಿ ಮುಂಗಡ ತಗೊಳ್ತೀನಿ. ಅದಕ್ಕೆ ಬಡ್ಡಿ."

ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಶುರುವಾಗುವಾಗ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಹೊತ್ತು ತಪ್ಪಿದರೆ ಕೊಳೆ ನಿಲ್ಲುವುದಿಲ್ಲ. ಮಗ ಬೆಂಗಳೂರಲ್ಲಿ ಕಾರ್ಡಿನ ಸಾಲ ಮಾಡಿ ತಿಂಗಳಿಗೆ ಐದು ಸಾವಿರ ಕಳಿಸುತ್ತಿದ್ದ. ಅಪ್ಪ ಜೂನಿನಲ್ಲಿ ಮಂಡಿ ಸಾಲ ಮಾಡುತ್ತಿದ್ದರು. ಎರಡು ಮನೆಯವರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಫೋನಿನಲ್ಲೇ ತೀರ್ಮಾನ ಆಯಿತು: ಮೇ ತಿಂಗಳಲ್ಲಿ ಒಟ್ಟಿಗೆ 24,000, ಅಪ್ಪ ಅಮ್ಮನ ಮಾತ್ರೆ ಔಷಧಿಗೆ ತಿಂಗಳಿಗೆ 1,000. ಮಗನಿಗೆ ವರ್ಷಕ್ಕೆ 24,000 ಕಡಿಮೆ, ಅಪ್ಪನಿಗೆ ಮಂಡಿ ಮುಂಗಡ ಬೇಡ. ಭಾವ ಸೊಸೈಟಿ ಸದಸ್ಯರು. ಆದರೂ ಸಹಕಾರಿ ಸಂಘದ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಕೊಟ್ಟಿರಲಿಲ್ಲ. ನೋಂದಣಿ ಶುರುವಾದ ಕೂಡಲೇ ಅಕ್ಕನ ಹೆಸರೂ ಸೇರಿಸಿ ಕೊಡಲೇಬೇಕು ಅಂತ ಗಟ್ಟಿಯಾಗಿ ಹೇಳಿದೆ.

ಊರಿಂದ ಬರುವುದನ್ನೂ ಅವತ್ತು ಬರೆದೆವು. ಗದ್ದೆಯ ಅಕ್ಕಿ, ತೆಂಗಿನಕಾಯಿ, ಕಾಳುಮೆಣಸು, ಒಣ ಮುರುಗಲು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಸೊಸೆ ಬೆಂಗಳೂರಿನ ಅಂಗಡಿ ದರ ಹಾಕಿ ನೋಡಿದಳು. ತಿಂಗಳಿಗೆ 1,800 ರೂಪಾಯಿಯ ಸಾಮಾನು. ಅಕ್ಕ ಚೀಲ ಕಟ್ಟಿ ಕಳಿಸುತ್ತಿದ್ದದ್ದು ಇದುವರೆಗೆ ಯಾವ ಲೆಕ್ಕಕ್ಕೂ ಬಂದಿರಲಿಲ್ಲ.

ಬದಲಾದದ್ದು

ಜನವರಿಯಲ್ಲಿ ಮನೆ ಬದಲಿಸಿದರು. ತುಮಕೂರು ರಸ್ತೆಯಲ್ಲಿ ಇನ್ನೂ ಸ್ವಲ್ಪ ಆಚೆ, ಮಾದಾವರ ಮೆಟ್ರೊ ಕಡೆ. ಬಾಡಿಗೆ 15,000. ಹಳೆ ಮನೆಯ ಅಡ್ವಾನ್ಸ್ 1,20,000, ಹೊಸದಕ್ಕೆ 80,000. ಕೈಗೆ 40,000 ಬರಬೇಕಿತ್ತು. ಪೇಂಟಿಂಗ್ ಅಂತ ಹಳೆ ಮಾಲೀಕರು ಒಂದು ತಿಂಗಳ ಬಾಡಿಗೆ 19,000 ಮುರಿದುಕೊಂಡರು, ಸಾಮಾನು ಸಾಗಿಸಲು 9,000 ಆಯಿತು. ಮಿಕ್ಕದ್ದು 12,000. ಮನೆ ಬದಲಿಸುವವರು ಈ ಎರಡು ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಶಾಲೆ ವ್ಯಾನು ಮಾತ್ರ 600 ಜಾಸ್ತಿಯಾಯಿತು.

ಊರಿನ ಓಡಾಟದಲ್ಲಿ ಒಂದು ಸುಲಭದ ದಾರಿ ಕಣ್ಣೆದುರೇ ಇತ್ತು. ರಾತ್ರಿ ಸ್ಲೀಪರ್ ಬಿಟ್ಟು ಹಗಲಿನ ಕೆಂಪು ಬಸ್ಸಿನಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ಸೊಸೆಗೂ ಮಗಳಿಗೂ ಟಿಕೆಟ್ ಇಲ್ಲ, ಚಿಕ್ಕವನಿಗೆ ಆರು ವರ್ಷ ಆಗಿಲ್ಲ. ದುಡ್ಡು ಕೊಡಬೇಕಾದವನು ಹುಡುಗ ಒಬ್ಬನೇ. ಏಳೆಂಟು ಗಂಟೆ ಮಕ್ಕಳನ್ನು ಸುಧಾರಿಸೋದು ಕಷ್ಟವೇ, ಅದನ್ನು ಅವಳು ಒಪ್ಪಿಕೊಂಡಳು. ವರ್ಷಕ್ಕೆ 26,000 ಆಗುತ್ತಿದ್ದದ್ದು 12,000ಕ್ಕೆ ಇಳಿಯುತ್ತದೆ.

ಈಗ ತಿಂಗಳ ಖರ್ಚು 45,000. ಸಂಬಳ ಬಂದ ದಿನವೇ 13,000 ಬೇರೆ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆ ಖಾತೆಗೆ ಯುಪಿಐ ಇಲ್ಲ, ಕಾರ್ಡ್ ಇಲ್ಲ. ಅದಕ್ಕೆ ಅವರು "ವರ್ಷದ ಖಾತೆ" ಅಂತ ಹೆಸರಿಟ್ಟಿದ್ದಾರೆ. ಶಾಲೆ, ಹಬ್ಬ, ವಿಮೆ, ಮುಯ್ಯಿ, ಆಸ್ಪತ್ರೆ, ಅಪ್ಪನ ಮೈಲುತುತ್ತ ಎಲ್ಲ ಅದರಿಂದಲೇ. ವರ್ಷಕ್ಕೆ 68,000 ಕೊರತೆ ಇದ್ದದ್ದು ಹೋಗಿ, ಬೋನಸ್ ಸೇರಿಸಿದರೆ 10,800 ಉಳಿಯುತ್ತದೆ. ಜಾಸ್ತಿ ಅಲ್ಲ. ಚಿಕ್ಕವನ ಶಾಲೆ ಫೀಸು ಶುರುವಾದರೆ ಅದೂ ಇರುವುದಿಲ್ಲ. ಹಾಗಾಗಿ ಈ ವರ್ಷ ಅವನು ಹತ್ತಿರದ ಅಂಗನವಾಡಿಗೆ. ಹಳೆ ಸಾಲದ 4,800ರ ಕಂತು ಈ ನವೆಂಬರಿಗೆ ಮುಗಿಯುತ್ತದೆ. ಮುಂದಿನ ಜೂನಿಗೆ ಅವನಿಗೆ ಶಾಲೆ, ಅವಳಿಗೆ ಕೆಲಸ, ಅಂತ ಸದ್ಯದ ಯೋಚನೆ. ಹೊಸ ಮನೆ ಹತ್ತಿರ ಅರ್ಧ ದಿನದ ಕೆಲಸ ಸಿಗುತ್ತದಾ ಅಂತ ಈಗಿನಿಂದಲೇ ವಿಚಾರಿಸುತ್ತಿದ್ದಾಳೆ.

ಯುಗಾದಿ ದಿನ ಸೊಸೆ ಫೋನ್ ಮಾಡಿದಳು. ಬೇವು ಬೆಲ್ಲದ ಮಾತಾದ ಮೇಲೆ ಹೇಳಿದಳು, "ಚಿಕ್ಕಮ್ಮ, ವರ್ಷದ ಖಾತೆಯಲ್ಲಿ ಐವತ್ತೊಂಬತ್ತು ಸಾವಿರ ಇದೆ. ಫೀಸಿಗೆ ಮೂವತ್ನಾಲ್ಕು, ಮಾವಂಗೆ ಇಪ್ಪತ್ನಾಲ್ಕು. ಮೇ ತಿಂಗಳದ್ದು ಮಾರ್ಚಿಗೇ ರೆಡಿ ಇದೆ."

"ಬಳೆ?" ಅಂತ ಕೇಳಿದೆ.

"ಅದು ಇನ್ನೂ ಅಲ್ಲೇ ಇದೆ. ದೀಪಾವಳಿ ಬೋನಸ್ ಬರ್ಲಿ."